ಮೂರನೆಯದು ಅಂದ್ರೆ ಯಾವುದು?

ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ ಒಂದು ಪಟ್ಟಿ ತೆರೆದುಕೊಳ್ಳುತ್ತೆ: ಎಂಪಿ4, ಎಂಕೆವಿ, ಜಿಫ್ ಇತ್ಯಾದಿ. ನಾವು ಒಂದನ್ನ ಒತ್ತಿ ಕಾಫಿಗೆ ಎದ್ದು ಹೋಗ್ತೀವಿ. ಆ ಪಟ್ಟಿಯ ಹಿಂದೆ ಕೋಡ್ ಬರೆದವರಿಗೆ ಎರಡು ದಾರಿ ಇರುತ್ತವೆ. ‘ಮೂರನೆಯದನ್ನ ಕೊಡು’ ಅನ್ನಬಹುದು, ಇಲ್ಲವೇ ‘ಜಿಫ್ ಕೊಡು’ ಅಂತ ಹೆಸರು ಹಿಡಿದು ಕೇಳಬಹುದು. ಮೊದಲನೆಯದು ಸುಲಭ. ಆದರೆ ನಾಳೆ ಪಟ್ಟಿಯ ನಡುವೆ ಹೊಸದೊಂದು ಫಾರ್ಮ್ಯಾಟ್ ಸೇರಿದ್ರೆ ಮೂರನೆಯದು ನಾಲ್ಕನೆಯದಾಗುತ್ತೆ. ಎರರ್ ಕೂಡ ಬರಲ್ಲ, ಸುಮ್ಮನೆ ತಪ್ಪು ಫೈಲ್ ಬರುತ್ತೆ.

ನಮ್ಮೂರಲ್ಲಿ ಪಂಚಾಯ್ತಿಯವರು ಬಾಗಿಲ ಮೇಲೆ ಬರೆದ ಮನೆ ನಂಬರ್ ಯಾರಿಗೂ ನೆನಪಿರಲ್ಲ. ‘ಬಾವಿಮನೆ’ ಅಂದ್ರೆ ಸಣ್ಣ ಹುಡುಗರೂ ಕರ್ಕೊಂಡು ಹೋಗಿ ಬಿಡ್ತಾರೆ. ಕಂಪ್ಯೂಟರ್‌ದು ಇದಕ್ಕೆ ತದ್ವಿರುದ್ಧ. ಅದಕ್ಕೆ ಹುಟ್ಟಿನಿಂದ ಗೊತ್ತಿರುವುದು ನಂಬರ್ ಮಾತ್ರ, ಹೆಸರನ್ನ ಕಲಿಸಬೇಕಾಯ್ತು.

ಆ ದಾರಿ ತೋರಿಸಿದವರಲ್ಲಿ ಮೊದಲಿಗರು ಐಬಿಎಂನ ಹಾನ್ಸ್ ಪೀಟರ್ ಲೂನ್. ಜರ್ಮನಿಯಲ್ಲಿ ಹುಟ್ಟಿ, ಜವಳಿ ಉದ್ಯಮದಲ್ಲಿ ದುಡಿದು, ಬಟ್ಟೆಯ ಎಳೆ ಎಣಿಸುವ ಸಾಧನ ಕಂಡುಹಿಡಿದಿದ್ದ ಮನುಷ್ಯ. 1953ರ ಜನವರಿಯಲ್ಲಿ ಕಂಪನಿಯೊಳಗಿನ ಒಂದು ಟಿಪ್ಪಣಿಯಲ್ಲಿ ಅವರು ಬರೆದ ಉಪಾಯ ಇಷ್ಟು: ಹುಡುಕಬೇಕಾದ ವಸ್ತುವಿನ ಗುರುತಿನಿಂದಲೇ ಒಂದು ಸಣ್ಣ ಲೆಕ್ಕ ಮಾಡು, ಬಂದ ಉತ್ತರವೇ ಅದನ್ನ ಇಡಬೇಕಾದ ಬುಟ್ಟಿಯ ನಂಬರ್. ಉದಾಹರಣೆಗೆ 5816. ಜೋಡಿ ಜೋಡಿಯಾಗಿ ಕೂಡಿದ್ರೆ 13 ಮತ್ತು 7. ಹತ್ತರ ಸ್ಥಾನ ಬಿಟ್ಟರೆ 3 ಮತ್ತು 7. ಹಾಗಾದ್ರೆ 37ನೇ ಬುಟ್ಟಿಯಲ್ಲಿ ನೋಡು. ಇಡೀ ಪಟ್ಟಿ ಹುಡುಕುವ ಅಗತ್ಯವೇ ಇಲ್ಲ. ಅಕ್ಷರಗಳಿಗೂ ಇದೇ ತಂತ್ರ ಹೊಂದುತ್ತೆ. ಇವತ್ತು ನಾವು ಹ್ಯಾಶ್ ಟೇಬಲ್, ಡಿಕ್ಷನರಿ, ಮ್ಯಾಪ್ ಅಂತ ಕರೆಯೋದರ ಮೂಲ ಇದೇ. ನಿಮ್ಮ ಕ್ರೆಡಿಟ್ ಕಾರ್ಡಿನ ಕೊನೆಯ ಅಂಕಿಯನ್ನ ಪರೀಕ್ಷಿಸುವ ಲೆಕ್ಕವೂ ಇವರದ್ದೇ.

ಹುಡುಕುವ ವಿಧಾನವೇನೋ ಸಿಕ್ಕಿತು. ಆದರೆ ಹೆಸರು ಇಡೋರು ಯಾರು? ಒಬ್ಬರು ‘ಫೋಟೋ’ ಅಂದು ಇನ್ನೊಬ್ಬರು ‘ಚಿತ್ರ’ ಅಂದ್ರೆ ಎರಡು ಯಂತ್ರ ಮಾತಾಡೋದು ಹೇಗೆ? ಇಮೇಲ್ ಲೋಕದಲ್ಲಿ ಇದು ದೊಡ್ಡ ತಲೆನೋವು. ಆಗಿನ ಇಮೇಲ್ ಇಂಗ್ಲಿಷ್ ಅಕ್ಷರ ಮಾತ್ರ ಸಾಗಿಸಲು ಕಟ್ಟಿದ ವ್ಯವಸ್ಥೆ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಸೇರಿ ‘ಮೈಮ್’ ಅನ್ನೋ ಒಪ್ಪಂದ ಬರೆದರು. ಆ ವರ್ಷದ ಮಾರ್ಚ್ 11ರಂದು ಬೋರೆನ್‌ಸ್ಟೈನ್ ಕಳಿಸಿದ ಅಟ್ಯಾಚ್‌ಮೆಂಟಿನಲ್ಲಿ ಅವರ ಹಾಡುಗಾರ ಗೆಳೆಯರ ತಂಡದ ಫೋಟೋ, ಜೊತೆಗೆ ಹಾಡೂ ಇತ್ತು.

ಮೈಮ್‌ನಲ್ಲಿ ಹೆಸರಿಗೆ ಎರಡು ಭಾಗ: ಮನೆತನ, ಆಮೇಲೆ ಸ್ವಂತ ಹೆಸರು. ‘ಇಮೇಜ್/ಜೆಪೆಗ್’, ‘ವಿಡಿಯೋ/ಎಂಪೆಗ್’. ಪೂರ್ತಿ ಹೆಸರು ಗೊತ್ತಾಗದಿದ್ರೂ ಇದು ಚಿತ್ರದ ಮನೆಯದು ಅಂತ ಗುರುತಾಗುತ್ತೆ. ಮುಂದೆ ವೆಬ್ ಕೂಡ ಇದನ್ನೇ ತಗೊಂಡಿತು.

ಅತ್ತ ಫೈಲ್‌ಗಳ ಬಾಲದಲ್ಲಿ ಇನ್ನೊಂದು ಹೆಸರು ಬೆಳೀತಾ ಇತ್ತು. ಡಾಸ್‌ನಲ್ಲಿ ಹೆಸರಿಗೆ ಎಂಟು, ಎಕ್ಸ್‌ಟೆನ್ಷನ್‌ಗೆ ಮೂರೇ ಅಕ್ಷರ. ‘ಜೆಪಿಇಜಿ’ ಹೋಗಿ ‘ಜೆಪಿಜಿ’ ಆದದ್ದು ಹೀಗೆ. 1995ರ ಜುಲೈ 14ರಂದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ತಮ್ಮ ಆಡಿಯೋ ಫೈಲ್‌ಗೆ ‘.ಎಂಪಿ3’ ಅನ್ನೋ ಬಾಲ ಆರಿಸಿದರು. ಮೈಮ್ ಪಟ್ಟಿಯಲ್ಲಿ ಅದರ ಹೆಸರು ಇವತ್ತಿಗೂ ‘ಆಡಿಯೋ/ಎಂಪೆಗ್’.

ಒಂದೇ ವಸ್ತುವಿಗೆ ಮೂರು ಹೆಸರಾದ್ರೆ ಯಾವುದನ್ನ ನಂಬೋದು? 2000ದಲ್ಲಿ ಫಾಬ್ರಿಸ್ ಬೆಲಾರ್ ಶುರು ಮಾಡಿದ ಎಫ್‌ಎಫ್‌ಎಂಪೆಗ್‌ನ ಕೋಡ್ ಇದಕ್ಕೆ ಅಂಕ ಕೊಟ್ಟು ತೀರ್ಮಾನಿಸುತ್ತೆ. ಔಟ್‌ಪುಟ್ ಫಾರ್ಮ್ಯಾಟ್ ಹುಡುಕುವಾಗ ಅಡ್ಡಹೆಸರು ಹೊಂದಿದ್ರೆ 100 ಅಂಕ, ಮೈಮ್ ಹೆಸರಿಗೆ 10, ಫೈಲಿನ ಬಾಲಕ್ಕೆ ಬರೀ 5. ಅದಕ್ಕೇ ಅಲ್ಲಿ ‘ಎಂಕೆವಿ’ ಅಂತ ಫಾರ್ಮ್ಯಾಟ್ ಹೆಸರು ಕೊಟ್ಟರೆ ಗೊತ್ತಿಲ್ಲ ಅನ್ನುತ್ತೆ. ಅದರ ನಿಜನಾಮ ‘ಮತ್ರೋಸ್ಕಾ’, ಒಂದರೊಳಗೊಂದು ಕೂರುವ ರಷ್ಯನ್ ಗೊಂಬೆಯಿಂದ ಬಂದದ್ದು. ಬಾಲ ಯಾರು ಬೇಕಾದ್ರೂ ಬದಲಾಯಿಸಬಹುದು. ಅದರಿಂದ ಒಳಗಿನ ಹೂರಣ ಬದಲಾಗಲ್ಲ.

ಇದು ಬರೀ ಎಂಜಿನಿಯರ್‌ಗಳ ಜಗಳ ಅನ್ನಿಸಿದ್ರೆ ಹಳೆಯ ಕನ್ನಡ ಫೈಲೊಂದನ್ನ ತೆರೆದು ನೋಡಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಅದು ಬಳಕೆಗೆ ಬರೋವರೆಗೆ, ಕೆಲವು ಕಡೆ ಆಮೇಲೂ, ನುಡಿ, ಬರಹದಂಥ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲೇ ನಾವು ಬರೆದೆವು. ಅವು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿದ್ದವು. ಆ ಕಾಲಕ್ಕೆ ಅದು ದೊಡ್ಡ ಉಪಕಾರ, ಕಂಪ್ಯೂಟರಿನಲ್ಲಿ ಕನ್ನಡ ಬದುಕಿದ್ದೇ ಅದರಿಂದ. ಆದರೆ ಸಾದಾ ಪಠ್ಯವಾಗಿ ಉಳಿಸಿದಾಗ ‘ನಾನು ಇಂಥ ಫಾಂಟಿನ ಕನ್ನಡ’ ಅನ್ನೋ ಹೆಸರು ಜೊತೆಗೆ ಬರಲಿಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಕಥೆ, ಪತ್ರ, ಕಡತ ಎಲ್ಲ ಸೊಟ್ಟ ಅಕ್ಷರಗಳ ರಾಶಿ. ಅವುಗಳಲ್ಲಿ ಒಂದು ಕನ್ನಡ ಪದ ಹುಡುಕಿದ್ರೂ ಸಿಗಲ್ಲ.

ಪರಿವರ್ತಕಗಳು ಇವೆ, ಬಳಸಬಹುದು. ಆದರೆ ಯಾವ ಫಾಂಟಿನದು ಅಂತ ತಿಳಿಯದಿದ್ರೆ ಪರಿವರ್ತಕಕ್ಕೂ ಕಷ್ಟ. ಮನೆಯಲ್ಲಿ ಅಪ್ಪನೋ ಅತ್ತೆಯೋ ಟೈಪ್ ಮಾಡಿಟ್ಟ ಹಳೇ ಫೈಲ್ ಇದ್ರೆ, ಯಾವುದರಲ್ಲಿ ಬರೆದದ್ದು ಅಂತ ಈಗಲೇ ಕೇಳಿ ಬರೆದಿಡಿ. ಹೇಳೋರು ಇರುವಾಗ ಅದು ಒಂದು ನಿಮಿಷದ ಕೆಲಸ.