ಸಮುದ್ರವನ್ನು ದಾಟಿದ ಸೊಳ್ಳೆ

ಋಣ, ಅಗ್ನಿ, ಶತ್ರು, ವ್ಯಾಧಿ ಇವುಗಳಲ್ಲಿ ಶೇಷವನ್ನುಳಿಸಬಾರದು, ಉಳಿಸಿದರೆ ಮರಳಿ ಬೆಳೆಯುವುವು ಎಂಬುದು ನೀತಿಕಾರರ ಮತವು. ಈ ಮಾತಿಗೆ ದಕ್ಷಿಣ ಅಮೆರಿಕೆಯ ಬ್ರೆಜಿಲ್ ದೇಶದ ಚರಿತ್ರೆಯಲ್ಲಿ ದಾರುಣವಾದ ನಿದರ್ಶನವೊಂದುಂಟು.

ಕ್ರಿ. ಶ. 1930ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಆ ದೇಶದ ಈಶಾನ್ಯ ತೀರದ ನಟಾಲ್ ಪಟ್ಟಣದಲ್ಲಿ ರೇಮಂಡ್ ಶ್ಯಾನನ್ ಎಂಬ ಕೀಟಶಾಸ್ತ್ರಜ್ಞನು ನಿಂತ ನೀರಿನಲ್ಲಿ ಅಪರಿಚಿತವಾದ ಸೊಳ್ಳೆಮರಿಗಳನ್ನು ಕಂಡನು. ಅವು ಆಗ ಅನಾಫಿಲೀಸ್ ಗ್ಯಾಂಬಿಯೇ ಎಂದು ಹೆಸರಿಸಲ್ಪಟ್ಟ ಆಫ್ರಿಕಾ ಖಂಡದ ಸೊಳ್ಳೆಯ ಮರಿಗಳು. ಆಫ್ರಿಕೆಯ ಡಕಾರ್ ರೇವಿನಿಂದ ಹೊರಟ ಫ್ರೆಂಚರ ಶೀಘ್ರಗಾಮಿಗಳಾದ ಅಂಚೆಯ ಹಡಗುಗಳು ನಾಲ್ಕೈದು ದಿನಗಳಲ್ಲಿ ನಟಾಲನ್ನು ಸೇರುತ್ತಿದ್ದುವು. ಅವುಗಳಲ್ಲಿಯೇ ಈ ಕೀಟವು ಬಂದಿರಬೇಕೆಂದು ತಜ್ಞರು ಊಹಿಸಿದರು.

ಮಲೇರಿಯಾ ಜ್ವರವು ಬ್ರೆಜಿಲಿಗೆ ಹೊಸದಲ್ಲ. ಆದರೆ ಈ ಸೊಳ್ಳೆಯು ಮನುಷ್ಯರಕ್ತವನ್ನೇ ವಿಶೇಷವಾಗಿ ಬಯಸುವುದು, ಮನೆಯೊಳಗೇ ಅಡಗುವುದು, ಬಿಸಿಲು ಬೀಳುವ ಸಣ್ಣ ಗುಂಡಿಯಲ್ಲಿಯೂ ಮೊಟ್ಟೆಯಿಡುವುದು. ನಟಾಲಿನಲ್ಲಿ ಜ್ವರವು ಪ್ರಬಲವಾಗಲು, ಅಧಿಕಾರಿಗಳು ತಾಮ್ರಪಾಷಾಣಗಳ ಸಂಯೋಗದಿಂದಾದ 'ಪ್ಯಾರಿಸ್ ಗ್ರೀನ್' ಎಂಬ ವಿಷಚೂರ್ಣವನ್ನು ನೀರಿನ ಮೇಲೆ ಚೆಲ್ಲಿಸಿದರು. 1932ರ ವೇಳೆಗೆ ಪಟ್ಟಣವು ನಿರ್ಮಲವಾಯಿತು, ಭಯವೂ ಅಡಗಿತು. ಆದರೆ ಅಷ್ಟರಲ್ಲಿಯೇ ಸೊಳ್ಳೆಯು ಕರಾವಳಿಯನ್ನು ಹಿಡಿದು ವಾಯವ್ಯಕ್ಕೆ ನಡೆದಿದ್ದಿತು. ಅನಾವೃಷ್ಟಿಯ ಆ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಹೋಗಿ ಅದನ್ನು ಹುಡುಕುವ ವ್ಯವಸ್ಥೆಯಿರಲಿಲ್ಲ.

1938ರಲ್ಲಿ ಜಾಗ್ವಾರಿಬೆ ನದಿಯ ಕಣಿವೆಯಲ್ಲಿ ಜ್ವರವು ಕಾಳ್ಗಿಚ್ಚಿನಂತೆ ಹಬ್ಬಿತು. ರೋಗಿಗಳು ಸುಮಾರು ಒಂದು ಲಕ್ಷ. ಮೃತರಾದವರು 14,000ಕ್ಕೆ ಕಡಿಮೆಯಿಲ್ಲವೆಂದು ಅಂದಾಜು.

1939ರ ಜನವರಿಯಲ್ಲಿ ಅಧ್ಯಕ್ಷ ಗೆಟುಲಿಯೊ ವಾರ್ಗಸನ ಸರಕಾರವು ಪ್ರತ್ಯೇಕವಾದ ಮಲೇರಿಯಾ ಇಲಾಖೆಯನ್ನು ಸ್ಥಾಪಿಸಿತು. ಅದರ ಸೂತ್ರಧಾರನು ರಾಕ್‌ಫೆಲ್ಲರ್ ಸಂಸ್ಥೆಯ ಫ್ರೆಡ್ ಸೋಪರ್. ಸುಮಾರು ನಾಲ್ಕು ಸಾವಿರ ಜನರು ಕೆಲಸಕ್ಕೆ ನಿಂತರು. ಪ್ರತಿಯೊಬ್ಬ ತಪಾಸಣೆಗಾರನಿಗೂ ಗೊತ್ತಾದ ಸರಹದ್ದು, ನಕ್ಷೆ, ದಿನಚರಿ. ಅವನಿರುವ ಸ್ಥಳದಲ್ಲಿ ಒಂದು ಧ್ವಜ. ಮೇಲಧಿಕಾರಿಯು ಯಾವ ಗಳಿಗೆಯಲ್ಲಾದರೂ ಬಂದು ಪರೀಕ್ಷಿಸಬಹುದಾಗಿದ್ದಿತು. ಮನೆಗಳಿಗೆ ಕೀಟನಾಶಕವನ್ನು ಸಿಂಪಡಿಸಿದರು. ರೋಗಪ್ರದೇಶದಿಂದ ಹೊರಡುವ ಮೋಟಾರುಗಳನ್ನೂ ತಡೆದು ಶುದ್ಧಿಗೊಳಿಸಿದರು. 1940ರ ನವೆಂಬರಿನ ಬಳಿಕ ಆ ಪ್ರದೇಶದಲ್ಲಿ ಈ ಸೊಳ್ಳೆಯು ಕಾಣಲಿಲ್ಲ. ಆದರೂ ಹುಡುಕುವುದನ್ನು ಕೂಡಲೇ ನಿಲ್ಲಿಸಲಿಲ್ಲ. 1932ರ ಪಾಠವು ಅವರಿಗೆ ಚೆನ್ನಾಗಿ ಮನದಟ್ಟಾಗಿದ್ದಿತು.

ಇದು ದೂರದೇಶದ ವೃತ್ತಾಂತವೆಂದು ಉಪೇಕ್ಷಿಸತಕ್ಕುದಲ್ಲ. ಭಾರತದ ನಗರಗಳ ತೊಟ್ಟಿ, ಬಾವಿಗಳಲ್ಲಿ ಬೆಳೆಯುವ, ಮಂಗಳೂರಿನ ಮಲೇರಿಯಾಕ್ಕೂ ಕಾರಣವಾದ ಅನಾಫಿಲೀಸ್ ಸ್ಟಿಫೆನ್ಸಿ ಎಂಬ ಸೊಳ್ಳೆಯು 2012ರಲ್ಲಿ ಆಫ್ರಿಕೆಯ ಜಿಬೂತಿಯಲ್ಲಿ, 2016ರಲ್ಲಿ ಇಥಿಯೋಪಿಯದಲ್ಲಿ ಕಾಣಿಸಿಕೊಂಡಿತು. ಆಫ್ರಿಕೆಯಲ್ಲಿ ಬಹುಮಟ್ಟಿಗೆ ಹಳ್ಳಿಗಳ ವ್ಯಾಧಿಯಾಗಿದ್ದ ಮಲೇರಿಯಾವು ಇದರಿಂದ ಪಟ್ಟಣಗಳಿಗೂ ನುಗ್ಗುವ ಭೀತಿಯುಂಟಾಗಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದರ ತಡೆಗೆ ವಿಶೇಷ ಯತ್ನವನ್ನಾರಂಭಿಸಿತು.

ಜ್ವರವು ಹಬ್ಬಿದಾಗ ಜಾಗರೂಕರಾಗುವುದು ಸಹಜವು. ಜ್ವರವಿಲ್ಲದ ವರ್ಷದಲ್ಲಿಯೂ ತೊಟ್ಟಿಯನ್ನು ಮುಚ್ಚಿಡುವ ಗೃಹಸ್ಥನೂ, ಬಾಗಿಲಿಗೆ ಬಂದು ನೀರನ್ನು ಪರೀಕ್ಷಿಸುವ ಆರೋಗ್ಯದ ನೌಕರನೂ ಇದ್ದಲ್ಲಿ ಮಾತ್ರ ಶತ್ರುಶೇಷವು ಉಳಿಯಲಾರದು.