ದುರ್ಬೀನು ಬೀದಿಗೆ ಇಳಿದ ಬಗೆ

ನನ್ನ ತಂಗಿಯ ಎಂಟು ವರ್ಷದ ಮಗನಿಗೆ ಆಕಾಶದ ಹುಚ್ಚು ಹಿಡಿದು, ತನಗೊಂದು ದುರ್ಬೀನು ಬೇಕೆಂದು ಅವನು ಹಟ ಹೂಡಿದಾಗ, ಮನೆಯವರೆಲ್ಲರೂ ಕೂಡಿ ಅದನ್ನು ಆರಿಸಿ ತರುವ ಹೊಣೆಯನ್ನು ನನ್ನ ಮೇಲೆ ಹೊರಿಸಿದರು. ಪೇಟೆಯ ಅಂಗಡಿಯೊಂದರಲ್ಲಿ ನನ್ನ ಮುಂದೆ ತಂದಿಟ್ಟ ಪೆಟ್ಟಿಗೆಯ ಮೇಲೆ, ಉಂಗುರ ತೊಟ್ಟ ಶನಿಯ ಬಣ್ಣದ ಚಿತ್ರದ ಕೆಳಗೆ, ಈ ಯಂತ್ರವು ವಸ್ತುವನ್ನು 525 ಪಟ್ಟು ದೊಡ್ಡದಾಗಿ ತೋರಿಸುವುದೆಂಬ ಮಾತು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಪೆಟ್ಟಿಗೆಯೊಳಗೆ ಇದ್ದುದಾದರೋ 60 ಮಿಲಿಮೀಟರಿನ ಒಂದು ಮಸೂರ, ಮತ್ತು ಬೆರಳು ಸೋಂಕಿದರೆ ಸಾಕು ತೊನೆದಾಡುವ ಕಡ್ಡಿಕಾಲುಗಳ ಒಂದು ಮುಕ್ಕಾಲಿ. ಅಂದು ಏನನ್ನೂ ಕೊಳ್ಳದೆ ಬರಿಗೈಯಲ್ಲಿ ಮನೆಗೆ ಮರಳಿದೆ. ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಅಂಗಡಿಯವನಿಗಿಂತ ಆ ಉಪಕರಣದ ನಾನೂರು ವರ್ಷಗಳ ಚರಿತ್ರೆಯೇ ಸರಿಯಾದ ಉತ್ತರವನ್ನು ಹೇಳೀತೆಂದು ನನಗೆ ತೋರಿತು. ಓದುತ್ತ ಹೋದಂತೆ ಆ ನಂಬಿಕೆ ಬಲವಾಯಿತು.

ದೂರದರ್ಶಕವು ಅರಮನೆಯಲ್ಲಾಗಲಿ ವಿದ್ಯಾಪೀಠದಲ್ಲಾಗಲಿ ಹುಟ್ಟಿದುದಲ್ಲ. ಕನ್ನಡಕ ಮಾಡುವವನ ಅಂಗಡಿಯಲ್ಲಿ ಹುಟ್ಟಿದುದು. ಹಾಲೆಂಡಿನ ಮಿಡಲ್‌ಬರ್ಗ್ ಪಟ್ಟಣದ ಹಾನ್ಸ್ ಲಿಪ್ಪರ್‌ಹೇ ಎಂಬ ಕನ್ನಡಕದ ಕಸಬುದಾರನು, ದೂರದ ವಸ್ತುಗಳನ್ನು ಹತ್ತಿರಕ್ಕೆ ತಂದು ತೋರಿಸುವ ಕೊಳವೆಯೊಂದರ ಹಕ್ಕು ತನಗೇ ಸಲ್ಲಬೇಕೆಂದು 1608ರ ಅಕ್ಟೋಬರಿನಲ್ಲಿ ಅಲ್ಲಿನ ಪ್ರಭುತ್ವಕ್ಕೆ ಮನವಿ ಸಲ್ಲಿಸಿದನು. ಅವನ ಅಂಗಡಿಯಲ್ಲಿ ಮಕ್ಕಳು ಎರಡು ಮಸೂರಗಳನ್ನು ಒಂದರ ಹಿಂದೊಂದು ಹಿಡಿದು ಚರ್ಚಿನ ಶಿಖರವನ್ನು ನೋಡಿ ಆಡುತ್ತಿದ್ದಾಗ ಈ ತಂತ್ರವು ಹೊಳೆಯಿತೆಂಬ ದಂತಕಥೆಯೊಂದಿದೆ. ಕಥೆ ದಿಟವಿರಲಿ ಇಲ್ಲದಿರಲಿ, ಮಕ್ಕಳನ್ನು ಈ ಉಪಕರಣದ ಹುಟ್ಟಿನ ಬಳಿಯಲ್ಲಿಯೇ ನಿಲ್ಲಿಸಿದ ಜನರ ಕಲ್ಪನೆ ನನಗೆ ಪ್ರಿಯವಾದುದು. ಪ್ರಭುತ್ವವು ಲಿಪ್ಪರ್‌ಹೇಗೆ ಹಣ ಕೊಟ್ಟು ಯಂತ್ರಗಳನ್ನು ಮಾಡಿಸಿಕೊಂಡಿತಾದರೂ, ಬೇರೆಯವರಿಗೂ ಇದು ತಿಳಿದಿದೆ, ಮುಚ್ಚಿಡಲು ಬಾರದಷ್ಟು ಸರಳವಾಗಿದೆ ಎಂಬ ಕಾರಣದಿಂದ ಹಕ್ಕನ್ನು ಮಾತ್ರ ಕೊಡಲಿಲ್ಲ. ಮರುವರ್ಷದ ವಸಂತದಲ್ಲಿಯೇ ಪ್ಯಾರಿಸಿನ ಕನ್ನಡಕದ ಅಂಗಡಿಗಳಲ್ಲಿ ಅಂಥ ಕೊಳವೆಗಳು ಮಾರಾಟಕ್ಕೆ ಬಂದವು. ಒಬ್ಬನ ಸೊತ್ತಾಗಿ ಉಳಿಯಲೊಲ್ಲದ ಈ ಗುಣವು ದೂರದರ್ಶಕಕ್ಕೆ ಜನ್ಮತಃ ಬಂದುದು.

1609ರಲ್ಲಿ ಪಾದುವಾದ ಗಣಿತಾಧ್ಯಾಪಕನಾದ ಗೆಲಿಲಿಯೋ ಈ ಸುದ್ದಿಯನ್ನು ಕೇಳಿ, ತಾನೇ ಮಸೂರಗಳನ್ನು ಉಜ್ಜಿ, ಮೊದಲು ಮೂರು ಪಟ್ಟು, ಬಳಿಕ ಎಂಟು ಪಟ್ಟು, ವರ್ಷ ಮುಗಿಯುವ ವೇಳೆಗೆ ಇಪ್ಪತ್ತು ಪಟ್ಟು ತೋರಿಸುವ ಕೊಳವೆಗಳನ್ನು ಮಾಡಿಕೊಂಡನು. ಇಪ್ಪತ್ತೇ ಪಟ್ಟು! ಚಂದ್ರಬಿಂಬದ ಒಂದು ಭಾಗವಷ್ಟೇ ಒಮ್ಮೆಗೆ ಕಾಣುವ ಇಕ್ಕಟ್ಟಾದ ಆ ನೋಟದಲ್ಲಿ ಅವನು ಚಂದ್ರನ ಬೆಟ್ಟಗಳನ್ನು ಕಂಡನು, ಆಕಾಶಗಂಗೆಯು ಅಸಂಖ್ಯಾತ ತಾರೆಗಳಾಗಿ ಒಡೆದುದನ್ನು ಕಂಡನು, 1610ರ ಜನವರಿ 7ರ ರಾತ್ರಿ ಗುರುಗ್ರಹದ ಬಳಿ ಸಾಲಾಗಿ ನಿಂತ ಮೂರು ಚಿಕ್ಕ ಚುಕ್ಕೆಗಳನ್ನು ಕಂಡನು. 13ರ ರಾತ್ರಿ ಅವು ನಾಲ್ಕಾದವು; ಗುರುವನ್ನು ಸುತ್ತುವ ಚಂದ್ರರೇ ಅವು. ಮಾನವನ ವಿಶ್ವಕಲ್ಪನೆಯನ್ನೇ ತಿರುವಿಹಾಕಿದ ಆ ದರ್ಶನಕ್ಕೆ ಇಪ್ಪತ್ತು ಪಟ್ಟಿನ ವರ್ಧನೆ ಸಾಕಾಯಿತೆಂದ ಮೇಲೆ, ಎಂಟು ವರ್ಷದ ಬಾಲಕನಿಗೆ 525 ಪಟ್ಟು ಏತಕ್ಕೆ ಬೇಕು?

ಇಲ್ಲಿ ಯಂತ್ರದ ಮರ್ಮವನ್ನು ಸ್ವಲ್ಪ ಹೇಳಬೇಕಾಗುತ್ತದೆ. ವರ್ಧನೆಯೆಂಬುದು ಒಂದು ಭಾಗಾಕಾರ ಮಾತ್ರ: ಮುಂದಿನ ಮಸೂರದ ಅಥವಾ ಕನ್ನಡಿಯ ನಾಭಿದೂರವನ್ನು ಕಣ್ಣಿನ ಬಳಿಯ ನೇತ್ರಮಸೂರದ ನಾಭಿದೂರದಿಂದ ಭಾಗಿಸಿದರೆ ಬಂದ ಲಬ್ಧವೇ ಅದು, ನೇತ್ರಮಸೂರವನ್ನು ಬದಲಿಸಿದರೆ ಆ ಅಂಕಿಯೂ ಬದಲಾಗುತ್ತದೆ, ಎಷ್ಟು ಬೇಕಾದರೂ ಏರಿಸಬಹುದು. ಏರಿಸಲಾಗದುದು ಬೆಳಕು. ಅದನ್ನು ಹಿಡಿಯುವುದು ಮುಂದಿನ ಗಾಜಿನ ಅಗಲ. ಅಗಲವು ಇಮ್ಮಡಿಯಾದರೆ ಬೆಳಕು ನಾಲ್ಮಡಿಯಾಗುತ್ತದೆ. ಗಾಜಿನ ಅಗಲದ ಪ್ರತಿಯೊಂದು ಮಿಲಿಮೀಟರಿಗೆ ಎರಡು ಪಟ್ಟಿನಂತೆ ಲೆಕ್ಕ ಹಾಕಿದರೆ ಬರುವ ವರ್ಧನೆಯನ್ನು ಮೀರಿದೆವೆಂದರೆ ಬಿಂಬವು ದೊಡ್ಡದಾಗುತ್ತದೆಯೇ ಹೊರತು ಹೊಸದೇನನ್ನೂ ತೋರಿಸುವುದಿಲ್ಲ, ಮಸುಕಾಗಿ ಕದಡಿಹೋಗುತ್ತದೆ. 60 ಮಿಲಿಮೀಟರಿನ ಮಸೂರಕ್ಕೆ ಈ ಎಲ್ಲೆ ಸುಮಾರು 120. ಪೆಟ್ಟಿಗೆಯ ಮೇಲಿನ ಆ ಅಂಕಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರಿಯ ಶೂನ್ಯವೇ ಆಗಿತ್ತು.

ಅಗಲವಾದ ಗಾಜು ಎಲ್ಲಾ ಕಾಲದಲ್ಲಿಯೂ ದುಬಾರಿಯಾಗಿಯೇ ಇದ್ದಿತು. ಮಸೂರವು ತೋರುವ ಬಿಂಬದ ಅಂಚಿನಲ್ಲಿ ಏಳುವ ಬಣ್ಣದ ತೊಂದರೆಯನ್ನು ತಪ್ಪಿಸಲೆಂದು ಹದಿನೇಳನೆಯ ಶತಮಾನದವರು ಕೊಳವೆಯನ್ನು ಉದ್ದಮಾಡುತ್ತ ಹೋಗಿ, ಡಾನ್‌ಜಿಗ್‌ನ ಹೆವೇಲಿಯಸ್ 150 ಅಡಿ ಉದ್ದದ ದೂರದರ್ಶಕವೊಂದನ್ನು ಕಂಬಕ್ಕೆ ತೂಗುಹಾಕಿದನು; ಗಾಳಿ ಬೀಸಿದರೆ ಅದು ಅಲುಗಾಡುತ್ತಿತ್ತು. ನ್ಯೂಟನ್ 1668ರಲ್ಲಿ ಮಸೂರವನ್ನು ಬಿಟ್ಟು ಲೋಹದ ನಿಮ್ನದರ್ಪಣವನ್ನು ಹಿಡಿದು, ಗೇಣುದ್ದದ ಪುಟ್ಟ ಯಂತ್ರವನ್ನು ರಚಿಸಿ ಬೇರೆಯ ಹಾದಿಯನ್ನು ತೋರಿಸಿದನು. ಆ ಹಾದಿಯಲ್ಲಿ ನಡೆದವರ ಪೈಕಿ ವಿಲಿಯಂ ಹರ್ಷೆಲನನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಬಾತ್ ನಗರದಲ್ಲಿ ಸಂಗೀತಪಾಠ ಹೇಳಿ ಜೀವಿಸುತ್ತಿದ್ದ ಅವನಿಗೆ ದೊಡ್ಡ ಯಂತ್ರಗಳ ಬೆಲೆ ಎಟುಕಲಿಲ್ಲವಾಗಿ, ಮನೆಯನ್ನೇ ಕಾರ್ಖಾನೆ ಮಾಡಿ, ತಾನೇ ಲೋಹವನ್ನು ಎರಕ ಹೊಯ್ದು, ಕನ್ನಡಿಗಳನ್ನು ಉಜ್ಜಿದನು; ಒಮ್ಮೆ ಹದಿನಾರು ಗಂಟೆಗಳ ಕಾಲ ಕೈತೆಗೆಯದೆ ಕನ್ನಡಿಗೆ ಮೆರುಗು ಕೊಡುತ್ತಿದ್ದಾಗ, ತಂಗಿ ಕ್ಯಾರೊಲಿನ್ ಪಕ್ಕದಲ್ಲಿ ನಿಂತು ಅಣ್ಣನ ಬಾಯಿಗೆ ತುತ್ತು ಇಡುತ್ತಿದ್ದಳು. ಸುಮಾರು ಆರಂಗುಲದ ಅಂಥ ಕನ್ನಡಿಯಲ್ಲಿಯೇ 1781ರ ಮಾರ್ಚ್ 13ರಂದು ಅವನಿಗೆ ಯುರೇನಸ್ ಗ್ರಹವು ಕಾಣಿಸಿತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಬೇಗನೆ ಕಂದುವ ಲೋಹದ ಬದಲು ಗಾಜಿನ ಮೇಲೆ ಬೆಳ್ಳಿಯ ತೆಳುಲೇಪವನ್ನು ಕೂರಿಸುವ ವಿದ್ಯೆ ಕೈಗೆ ಬಂದಿತು. ಕನ್ನಡಿಯು ಹಗುರವಾಯಿತು, ಮನೆಯಲ್ಲಿ ಉಜ್ಜಿಕೊಳ್ಳಲು ಸುಲಭವಾಯಿತು. ಅಮೆರಿಕದ ವರ್ಮಾಂಟ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ರಸೆಲ್ ಪೋರ್ಟರ್ 1920ರಲ್ಲಿ ಯಂತ್ರದ ಕಾರ್ಖಾನೆಗಳ ಕೆಲಸಗಾರರಿಗೆ ಈ ಉಜ್ಜುವಿಕೆಯನ್ನು ಕಲಿಸಿದನು. ಆ ಸಂಗತಿಯನ್ನು ಆಲ್ಬರ್ಟ್ ಇಂಗಲ್ಸ್ 1925ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದೊಡನೆ ಸಾವಿರಾರು ಜನ ಗೃಹಸ್ಥರು ಗಾಜಿನ ಬಿಲ್ಲೆಯನ್ನು ಹಿಡಿದು ನೆಲಮಾಳಿಗೆಗೆ ಇಳಿದರು. ಆದರೆ ಅವರ ಕನ್ನಡಿ ಅಗ್ಗವಾಗಿದ್ದರೂ ಅದನ್ನು ಹೊರುವ ಪೀಠ ಅಗ್ಗವಾಗಿರಲಿಲ್ಲ. ಭೂಮಿಯ ಅಕ್ಷಕ್ಕೆ ಸರಿಯಾಗಿ ಓರೆಮಾಡಿ ನಿಲ್ಲಿಸಬೇಕಾದ ಕಬ್ಬಿಣದ ಭಾರವಾದ ಪೀಠವದು. ಎರಡನೆಯ ಮಹಾಯುದ್ಧದ ಬಳಿಕ ಜಪಾನಿನಿಂದ ರಾಶಿರಾಶಿಯಾಗಿ ಬಂದ 60 ಮಿಲಿಮೀಟರಿನ ಮಸೂರದ ದೂರದರ್ಶಕಗಳಲ್ಲಿ ಮಸೂರವು ಅನೇಕ ವೇಳೆ ಒಳ್ಳೆಯದೇ ಇರುತ್ತಿದ್ದಿತು, ಕೆಟ್ಟದ್ದು ಮುಕ್ಕಾಲಿ. ಗುರುಗ್ರಹವನ್ನು ಹಿಡಿದೆನೆನ್ನುವಷ್ಟರಲ್ಲಿ ಅದು ನಡುಗಿ, ಗ್ರಹವು ನೋಟದಿಂದ ಜಾರಿಹೋಗುವುದು. ಎಷ್ಟೋ ಮಕ್ಕಳ ಕುತೂಹಲವು ಮೊದಲ ವಾರದಲ್ಲಿಯೇ ಆರಿಹೋದುದು ಗಾಜಿನ ದೋಷದಿಂದಲ್ಲ, ಕಾಲಿನ ದೋಷದಿಂದ.

ಆ ಕಾಲಿನ ಸಮಸ್ಯೆಯನ್ನು ಬಿಡಿಸಿದವನು ಒಬ್ಬ ಸಂನ್ಯಾಸಿ. 1915ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿ, ಬರ್ಕ್ಲಿಯಲ್ಲಿ ರಸಾಯನಶಾಸ್ತ್ರವನ್ನು ಓದಿ, 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ವೇದಾಂತ ಸಮಾಜದ ಮಠವನ್ನು ಸೇರಿದ ಜಾನ್ ಡಾಬ್‌ಸನ್ ಎಂಬಾತನು ರಾಮಕೃಷ್ಣ ಸಂಪ್ರದಾಯದ ಸ್ವಾಮಿ ಅಶೋಕಾನಂದರ ಶಿಷ್ಯನಾಗಿದ್ದನು. ವೇದಾಂತದ ವಿಶ್ವದೃಷ್ಟಿಗೂ ಆಧುನಿಕ ವಿಜ್ಞಾನಕ್ಕೂ ಸಮನ್ವಯವನ್ನು ಕಾಣುವ ಕೆಲಸ ಅವನ ಪಾಲಿಗೆ ಬಂದಿತು. ವಿಶ್ವವನ್ನು ಕುರಿತು ಮಾತನಾಡುವವನು ವಿಶ್ವವನ್ನು ನೋಡಿರಬೇಡವೆ? ಹಳೆಯ ಸಾಮಾನಿನ ಅಂಗಡಿಯಿಂದ ತಂದ ಎರಡಂಗುಲದ ಮಸೂರಕ್ಕೆ ಹಳೆಯ ಬೈನಾಕ್ಯುಲರಿನ ನೇತ್ರಮಸೂರವನ್ನು ಸೇರಿಸಿ ಅವನು ಶನಿಯ ಉಂಗುರಗಳನ್ನು ಕಂಡನು. ಅನಂತರ ಹಡಗಿನ ಕಿಟಕಿಯಿಂದ ಬಂದ ಹನ್ನೆರಡಂಗುಲದ ದಪ್ಪ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ಅದರಲ್ಲಿ ಚಂದ್ರನನ್ನು ನೋಡಿದಾಗ, ಈ ನೋಟವು ತನ್ನೊಬ್ಬನದಾಗಿ ಉಳಿಯಕೂಡದು, ಎಲ್ಲರೂ ಇದನ್ನು ಕಾಣಬೇಕು ಎಂಬ ಭಾವವು ಅವನ ಮನಸ್ಸಿನಲ್ಲಿ ನೆಟ್ಟುಹೋಯಿತು.

1958ರಲ್ಲಿ ಅವನನ್ನು ಸ್ಯಾಕ್ರಮೆಂಟೋದ ಮಠಕ್ಕೆ ಕಳುಹಿಸಿದರು. ಕೈಯಲ್ಲಿ ಕಾಸಿಲ್ಲದ ಸಂನ್ಯಾಸಿ. ಉಜ್ಜುವಿಕೆಗೆ ಮಠದ ಪೂರ್ಣಸಮ್ಮತಿಯೂ ಇರಲಿಲ್ಲ. ಸದ್ದು ಕೇಳಿಸದಿರಲೆಂದು ನೀರಿನೊಳಗೆ ಗಾಜನ್ನು ಮುಳುಗಿಸಿ ಉಜ್ಜಿದನಂತೆ. ಗೆಳೆಯರ ಪತ್ರಗಳಲ್ಲಿ ದೂರದರ್ಶಕಕ್ಕೆ ‘ಜೆರೇನಿಯಂ ಗಿಡ’ವೆಂಬ ಗುಟ್ಟಿನ ಹೆಸರಿದ್ದು, ಕನ್ನಡಿಗೆ ಲೋಹಲೇಪವಾಯಿತೆಂದರೆ ಗಿಡವು ಹೂಬಿಟ್ಟಿತೆಂದು ಬರೆಯುತ್ತಿದ್ದರಂತೆ. ಮಠದ ಕೆಲಸದ ಬಿಡುವಿನಲ್ಲಿ ಅವನು ಗಾಲಿ ಕಟ್ಟಿದ ದೂರದರ್ಶಕವನ್ನು ತಳ್ಳಿಕೊಂಡು ನೆರೆಕೇರಿಗೆ ಹೋಗಿ ಮಕ್ಕಳಿಗೆ ಆಕಾಶವನ್ನು ತೋರಿಸುವನು. ಹೀಗೆ ಹೊರಗೆ ತಿರುಗುವುದು ಹೆಚ್ಚಾಗಿ, 1967ರಲ್ಲಿ ಇಪ್ಪತ್ತಮೂರು ವರ್ಷಗಳ ಆಶ್ರಮವಾಸವನ್ನು ಬಿಟ್ಟು ಹೊರಡಬೇಕಾಯಿತು. ಮಠವನ್ನು ನಾನು ದೂರಲಾರೆ; ಆಶ್ರಮಕ್ಕೆ ಅದರದೇ ನಿಯಮವಿರುತ್ತದೆ. ಆದರೆ ಕಾಷಾಯವನ್ನು ಕಳಚಿದ ಮೇಲೆಯೂ ಆ ಮನುಷ್ಯನು ಪರಿವ್ರಾಜಕನಾಗಿಯೇ ಉಳಿದನೆಂಬುದನ್ನು ಅವನ ಮುಂದಿನ ನಲವತ್ತಾರು ವರ್ಷಗಳು ಸಾರುತ್ತವೆ.

ಅವನ ಯಂತ್ರವನ್ನು ನೋಡಿರಿ. ಕೊಳವೆಯೆಂದರೆ ಕಾಂಕ್ರೀಟು ಕಂಬ ಹೊಯ್ಯಲು ಅಚ್ಚಾಗಿ ಬಳಸುವ ದಪ್ಪರಟ್ಟಿನ ಸುರುಳಿ. ಪೀಠವೆಂದರೆ ಪ್ಲೈವುಡ್ಡಿನ ಒಂದು ಪೆಟ್ಟಿಗೆ. ಕೊಳವೆಯ ಎರಡು ಪಕ್ಕದ ಗುಂಡುಬಿಲ್ಲೆಗಳು ಪೆಟ್ಟಿಗೆಯ ತೋಡುಗಳಲ್ಲಿ ಕುಳಿತು ಮೇಲಕ್ಕೂ ಕೆಳಕ್ಕೂ ಹೊರಳುತ್ತವೆ. ಪೆಟ್ಟಿಗೆಯು ತಳಹಲಗೆಯ ಮೇಲೆ ಬೀಸುಕಲ್ಲಿನಂತೆ ಸುತ್ತಲೂ ತಿರುಗುತ್ತದೆ. ಫಿರಂಗಿಗಳನ್ನು ಶತಮಾನಗಳಿಂದಲೂ ಹೀಗೆಯೇ ಕೂರಿಸುತ್ತ ಬಂದಿದ್ದಾರೆ, ಇದರಲ್ಲಿ ತನ್ನದೇನೂ ಇಲ್ಲವೆಂದು ಡಾಬ್‌ಸನ್ ಹೇಳುತ್ತಿದ್ದನು. ಹಕ್ಕನ್ನು ಕೇಳಲೂ ಇಲ್ಲ, ಹಣವನ್ನು ಪಡೆಯಲೂ ಇಲ್ಲ. ಲಿಪ್ಪರ್‌ಹೇ ಬೇಡಿ ಪಡೆಯದುದನ್ನು ಮುನ್ನೂರ ಅರುವತ್ತು ವರ್ಷಗಳ ಬಳಿಕ ಇವನು ಬೇಡವೆಂದು ಬಿಟ್ಟನು. ಆ ಪೀಠದ ಹಿರಿಮೆ ಇರುವುದು ಅದರ ತಗ್ಗಿನಲ್ಲಿ: ಭಾರವೆಲ್ಲ ನೆಲಕ್ಕೆ ಹತ್ತಿರವಾಗಿರುವುದರಿಂದ ಅದು ಅಲುಗದು, ಕೈಯಿಂದ ನೂಕಿದತ್ತ ನಯವಾಗಿ ತಿರುಗಿ, ಕೈಬಿಟ್ಟಲ್ಲಿ ನಿಲ್ಲುವುದು. ಪೀಠದಲ್ಲಿ ಉಳಿದ ಹಣವು ಕನ್ನಡಿಯ ಅಗಲಕ್ಕೆ ಹೋಯಿತು. 1968ರಲ್ಲಿ, ತನ್ನಿಂದ ಕನ್ನಡಿ ಉಜ್ಜಲು ಕಲಿತ ಇಬ್ಬರು ಹುಡುಗರೊಡನೆ ಅವನು ಸ್ಯಾನ್‌ಫ್ರಾನ್ಸಿಸ್ಕೋದ ಬೀದಿಬದಿಯಲ್ಲಿ ನಿಂತು ದಾರಿಹೋಕರನ್ನು ಕರೆದು ಚಂದ್ರನನ್ನು ತೋರಿಸತೊಡಗಿದನು. ‘ಕಾಲುದಾರಿಯ ಖಗೋಳಜ್ಞರು’ ಎಂಬರ್ಥದ ಹೆಸರನ್ನು ಇಟ್ಟುಕೊಂಡ ಆ ಮಂಡಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳವರೆಗೂ ಯಂತ್ರಗಳನ್ನು ಹೊತ್ತು ನಡೆಯಿತು. 2014ರ ಜನವರಿಯಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ಅವನು ತೀರಿಕೊಂಡಾಗ, ‘ಡಾಬ್‌ಸೋನಿಯನ್’ ಎಂಬ ಅವನ ಹೆಸರಿನ ಪೀಠವು ಲೋಕದ ಉದ್ದಗಲಕ್ಕೂ ಹರಡಿದ್ದಿತು.

ಗೆಲಿಲಿಯೋವಿನ ನೋಟಕ್ಕೆ ನಾನೂರು ವರ್ಷ ತುಂಬಿದ 2009ನ್ನು ಅಂತರರಾಷ್ಟ್ರೀಯ ಖಗೋಳವರ್ಷವೆಂದು ಆಚರಿಸಿದಾಗ ಮಕ್ಕಳಿಗಾಗಿಯೇ ಎರಡು ಉಪಕರಣಗಳು ಬಂದವು. ಒಂದು, ಮಕ್ಕಳೇ ಬಿಡಿಭಾಗಗಳನ್ನು ಜೋಡಿಸಿಕೊಳ್ಳುವ, 50 ಮಿಲಿಮೀಟರಿನ ಮಸೂರದ, 25 ಪಟ್ಟು ತೋರಿಸುವ ‘ಗೆಲಿಲಿಯೋಸ್ಕೋಪ್’. ಬಣ್ಣದ ದೋಷವನ್ನು ನೀಗಿದ ಒಳ್ಳೆಯ ಮಸೂರ, ಆದರೆ ಪೀಠವನ್ನು ನಾವೇ ಒದಗಿಸಬೇಕು. ಇನ್ನೊಂದು ಮೇಜಿನ ಮೇಲೆ ಕೂರುವ, 76 ಮಿಲಿಮೀಟರಿನ ಕನ್ನಡಿಯ ಪುಟ್ಟ ಡಾಬ್‌ಸೋನಿಯನ್. 300 ಮಿಲಿಮೀಟರಿನ ನಾಭಿದೂರ, 20 ಮಿಲಿಮೀಟರಿನ ನೇತ್ರಮಸೂರದೊಡನೆ 15 ಪಟ್ಟು ವರ್ಧನೆ. ಅಂಕಿ ಚಿಕ್ಕದು, ಗೆಲಿಲಿಯೋವಿನದಕ್ಕಿಂತಲೂ ಚಿಕ್ಕದು. ಆದರೆ 60 ಮಿಲಿಮೀಟರಿನ ಮಸೂರಕ್ಕಿಂತ ಒಂದೂವರೆ ಪಟ್ಟಿಗೂ ಮಿಗಿಲಾದ ಬೆಳಕು, ಇಡೀ ಚಂದ್ರಬಿಂಬವು ಸುತ್ತಣ ಆಕಾಶದೊಡನೆ ಒಳಗೊಳ್ಳುವ ವಿಶಾಲವಾದ ನೋಟ, ಗ್ರಹವನ್ನು ಹುಡುಕುವ ಚಿಕ್ಕ ಕೈಗಳಿಗೆ ಇಂಥ ನೋಟದಲ್ಲಿ ಸಿಕ್ಕುವ ಸುಲಭ! ಕೈಯಲ್ಲಿ ಇನ್ನಷ್ಟು ಹಣವುಳ್ಳವರು ಇದೇ ಜಾತಿಯ 114 ಅಥವಾ 130 ಮಿಲಿಮೀಟರಿನ ಕನ್ನಡಿಯನ್ನು ಕೊಳ್ಳುವುದು ಲೇಸು. ಶನಿಯ ಉಂಗುರವನ್ನು ಚೆನ್ನಾಗಿ ಕಾಣಬೇಕೆಂಬವರಿಗೆ ಅದೇ ತಕ್ಕುದು. ಕೊಳ್ಳುವವರಿಗೆ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು: ಹಿಂದಿನ ಅಗ್ಗದ ಯಂತ್ರಗಳೊಡನೆ, ಸೂರ್ಯನನ್ನು ನೋಡಲೆಂದು ನೇತ್ರಮಸೂರಕ್ಕೆ ತಿರುಚಿ ಕೂರಿಸುವ ಕಪ್ಪುಗಾಜಿನ ಬಿಲ್ಲೆಯೊಂದು ಬರುತ್ತಿತ್ತು, ಒಗ್ಗೂಡಿದ ಬಿಸಿಲಿನ ಕಾವಿಗೆ ಅದು ನೋಡುತ್ತಿರುವಾಗಲೇ ಒಡೆದೀತು, ಕಣ್ಣು ಹೋದೀತು. ಅಂಥದು ಪೆಟ್ಟಿಗೆಯಲ್ಲಿದ್ದರೆ ಮೊದಲು ಅದನ್ನು ಜಜ್ಜಿ ಎಸೆಯಿರಿ, ಮಗುವನ್ನು ಹಗಲಿನಲ್ಲಿ ಯಂತ್ರದೊಡನೆ ಒಂಟಿಯಾಗಿ ಬಿಡಬೇಡಿ.

ಕೊನೆಗೆ ಆ ಪುಟ್ಟ ಮೇಜುಯಂತ್ರವನ್ನೇ ತಂದೆವು. ತಂಗಿಯ ಮನೆಯ ಮಹಡಿಯಲ್ಲಿ ಮೇಜಿರಲಿಲ್ಲ. ಬಟ್ಟೆ ಒಗೆಯುವ ಕಲ್ಲೊಂದಿತ್ತು, ಹುಡುಗನ ಎದೆಯ ಎತ್ತರಕ್ಕೆ. ಅದಕ್ಕಿಂತ ಸ್ಥಿರವಾದ ಪೀಠವು ಹರ್ಷೆಲನಿಗೂ ದೊರೆತಿರಲಾರದು. ಅದರ ಮೇಲೆ ಯಂತ್ರವನ್ನಿಟ್ಟು, ಗುರುಗ್ರಹವನ್ನು ಹಿಡಿದುಕೊಟ್ಟು, ನಾನು ಹಿಂದೆ ಸರಿದೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೋಪಿಪುಸ್ತಕವನ್ನು ತಂದು ಮೊಂಡು ಪೆನ್ಸಿಲಿನಿಂದ ಒಂದು ಸೊನ್ನೆಯನ್ನೂ ಅದರ ಪಕ್ಕಕ್ಕೆ ಮೂರು ಚುಕ್ಕೆಗಳನ್ನೂ ಇಟ್ಟು, ಕೆಳಗೆ ತಾರೀಖನ್ನು ಬರೆದನು. ಮರುದಿನ ರಾತ್ರಿ ಊಟಕ್ಕೆ ಕೂತಿದ್ದ ನನ್ನನ್ನು ಎಳೆದುಕೊಂಡು ಹೋಗಿ ಮತ್ತೆ ನೋಡಿದನು. ಸೊನ್ನೆಯ ಪಕ್ಕಕ್ಕೆ ಈ ಸಲ ನಾಲ್ಕು ಚುಕ್ಕೆಗಳು ಬಿದ್ದವು. ಎರಡು ಹಾಳೆಗಳನ್ನೂ ಒಂದರ ಪಕ್ಕಕ್ಕೆ ಒಂದು ಹಿಡಿದು, “ಮಾಮಾ, ನಿನ್ನೆ ಇದು ಎಲ್ಲಿ ಹೋಗಿತ್ತು?” ಎಂದು ಕೇಳಿದನು.