ಬಿತ್ತೋಕೆ ಮುಂಚೆ ಕೊಟ್ಟ ದುಡ್ಡು (ಭಾಗ 3)

ಒಂದು ಪ್ರಶ್ನೆ. ಬೆಳೆ ಕೈಕೊಟ್ಟರೆ ನಷ್ಟ ಯಾರದು? ರೈತನದು ತಾನೇ ಅಂತೀರಾ. ಆ ಲೆಕ್ಕವನ್ನೇ ಬದಲಾಯಿಸಿದ ಒಂದು ಪುಟ್ಟ ತೋಟದ ಇತಿಹಾಸ ಇದು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ರಾಬಿನ್ ವ್ಯಾನ್ ಎನ್ ಎಂಬ ರೈತ ಮಹಿಳೆಯ ಇಂಡಿಯನ್ ಲೈನ್ ಫಾರ್ಮ್ ಇತ್ತು. ಚಳಿಗಾಲದಲ್ಲಿ ಅಲ್ಲಿ ನೆಲ ಹೆಪ್ಪುಗಟ್ಟುತ್ತೆ. ಚಳಿ ಇಳಿಯೋ ಹೊತ್ತಿಗೆ ಸಸಿ ಮಾಡ್ಬೇಕು, ಮೇ ತಿಂಗಳಲ್ಲಿ ನಾಟಿ, ಆಮೇಲೆ ಕಳೆ. ಬೀಜ, ಗೊಬ್ಬರ, ಕೂಲಿ ಎಲ್ಲಕ್ಕೂ ಖರ್ಚು ಮೊದಲೇ. ತರಕಾರಿ ಮಾರಿ ದುಡ್ಡು ಬರೋದು ಬೇಸಿಗೆಯಲ್ಲಿ. ಅಲ್ಲೀತನಕ ಸಾಲವೇ ಗತಿ.

1985ರಲ್ಲಿ ರಾಬಿನ್ ಮತ್ತು ಜೊತೆಗಾರರು ಮೊದಲು ಸೇಬಿನ ‘ಪಾಲು’ ಮಾರಿ ನೋಡಿದರು. 1986ರಲ್ಲಿ ತರಕಾರಿ ಪಾಲು ಶುರುವಾಯ್ತು. ಸುತ್ತಮುತ್ತಲಿನ ಮನೆಯವರು ಸೀಸನ್ನಿನ ದುಡ್ಡನ್ನು ಮುಂಗಡವಾಗಿ ಕೊಡೋದು, ಕೊಯ್ಲು ಶುರುವಾದ ಮೇಲೆ ವಾರವಾರ ತಮ್ಮ ಪಾಲು ಒಯ್ಯೋದು. ಜೂನಲ್ಲಿ ಸೊಪ್ಪು, ಮೂಲಂಗಿ. ಆಗಸ್ಟಲ್ಲಿ ಟೊಮೆಟೊ. ಅಕ್ಟೋಬರಲ್ಲಿ ಕುಂಬಳ, ಕ್ಯಾರೆಟ್. ಚೆನ್ನಾಗಿ ಬೆಳೆದರೆ ಎಲ್ಲರ ಬುಟ್ಟಿಯೂ ತುಂಬುತ್ತೆ. ಅಕಾಲದಲ್ಲಿ ಹಿಮ ಬಿದ್ದರೆ ಎಲ್ಲರದೂ ಅರ್ಧ.

ಇದು ಪೂರ್ತಿ ಹೊಸ ಯೋಚನೆ ಅಲ್ಲ. ಜಪಾನಿನಲ್ಲಿ 1970ರ ದಶಕದಲ್ಲೇ ‘ತೇಕೇ’ ಎಂಬ ಇಂಥದೇ ಪದ್ಧತಿ ಇತ್ತು. ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ಜನಾಂಗದ ಪ್ರೊಫೆಸರ್ ಬುಕರ್ ವಾಟ್ಲಿ ಕೂಡ ಸಣ್ಣ ರೈತರಿಗೆ ಗ್ರಾಹಕರ ಸದಸ್ಯ ಕ್ಲಬ್ ಕಟ್ಟಿಕೊಳ್ಳಿ ಅಂತ ಹೇಳ್ತಿದ್ದರು.

1997ರಲ್ಲಿ ರಾಬಿನ್ ತೀರಿಕೊಂಡಾಗ ಜಮೀನಿನ ಗತಿ ಏನು ಅನ್ನೋ ಪ್ರಶ್ನೆ ಎದ್ದಿತು. 1999ರಲ್ಲಿ ಆ ಭಾಗದ ಲ್ಯಾಂಡ್ ಟ್ರಸ್ಟ್ ಅದನ್ನು ಬೇಸಾಯಕ್ಕೇ ಉಳಿಸಿತು.

ಈಗ ನೀವು ಹೇಳಿ: ಅರ್ಧ ಬುಟ್ಟಿ ಬಂದ ವರ್ಷದ ನಂತರವೂ ಮತ್ತೆ ಮುಂಗಡ ಕೊಡ್ತೀರಾ?

#ತೋಟದಇತಿಹಾಸ #ತರಕಾರಿಪಾಲು